ಮೊದಲು ಮಾರುವ ವಾಚು ಯಾವುದು?

ಜೂನ್ ಬಂತೆಂದರೆ ಬೀರುಗಳ ಬಾಗಿಲು ತೆರೆಯುತ್ತವೆ. ಕಾಲೇಜಿನ ಶುಲ್ಕ, ಹಾಸ್ಟೆಲಿನ ಮುಂಗಡ, ಪುಸ್ತಕ, ಬಸ್ಸಿನ ಪಾಸು ಎಲ್ಲವೂ ಒಂದೇ ತಿಂಗಳಲ್ಲಿ ಎದುರು ಬಂದು ನಿಲ್ಲುತ್ತವೆ. ಮಾರುವುದಕ್ಕೆ ಚಿನ್ನವಿದ್ದರೆ ಹೆಚ್ಚು ಯೋಚಿಸಬೇಕಾಗಿಲ್ಲ. ಅದರ ದರ ದಿನವೂ ಪತ್ರಿಕೆಯಲ್ಲಿ ಬರುತ್ತದೆ, ತಕ್ಕಡಿ ಪ್ರತಿ ಊರಿನಲ್ಲೂ ಇದೆ. ಬೀರುವಿನ ಒಳಗಿರುವುದು ಹಳೆಯ ಕೈಗಡಿಯಾರಗಳಾದರೆ ಕಥೆ ಬೇರೆ. ವಾಚಿಗೆ ತಕ್ಕಡಿ ಇಲ್ಲ. ಅದರ ಬೆಲೆ ಅರ್ಧ ಯಂತ್ರದಲ್ಲಿದೆ, ಅರ್ಧ ಕೊಳ್ಳುವವನ ಆಸೆಯಲ್ಲಿದೆ. ಅದನ್ನು ಇಟ್ಟುಕೊಂಡವನ ನೆನಪಿನಲ್ಲಿರುವ ಬೆಲೆಯಂತೂ ಯಾವ ಪೇಟೆಗೂ ಬರುವುದಿಲ್ಲ.

ಲೆಕ್ಕಕ್ಕೆ ಒಂದು ಮನೆ ಇರಲಿ. ಊರು ಚಳ್ಳಕೆರೆ. ಯಜಮಾನರು ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮೊಮ್ಮಗಳಿಗೆ ಬೆಂಗಳೂರಿನಲ್ಲಿ ಸೀಟು ಸಿಕ್ಕಿದೆ. ಶುಲ್ಕಕ್ಕೆ ತಂದೆ ಹೇಗೋ ಹೊಂದಿಸಿದ್ದಾರೆ. ಹಾಸ್ಟೆಲಿನ ಮುಂಗಡ ರೂ. 15,000 ಬಾಕಿ, ಗಡುವು ಆರು ವಾರ. ತಾತನ ಹತ್ತಿರ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಹನ್ನೆರಡು ವಾಚುಗಳಿವೆ. "ನಾನು ಕೊಡ್ತೀನಿ" ಎಂದು ಅವರು ಹೇಳಿಬಿಟ್ಟಿದ್ದಾರೆ. ಯಾವುದನ್ನು ಮೊದಲು ಮಾರಬೇಕು?

ಡಬ್ಬಿಯೊಳಗೆ ಏನೇನಿದೆ ಎಂದು ನೋಡಿದರೆ ಈ ನಾಡಿನ ಗಡಿಯಾರದ ಚರಿತ್ರೆಯೇ ಹೊರಬರುತ್ತದೆ. ತಳದಲ್ಲಿ ತಾತನ ತಂದೆಯವರ ವೆಸ್ಟ್ ಎಂಡ್, ಸ್ವಿಸ್ ತಯಾರಿಕೆಯದು, ಕತ್ತಲಲ್ಲಿ ಹೊಳೆಯುತ್ತಿತ್ತು ಎಂದು ಮನೆಯವರು ಹೇಳುವಂಥದು. ಅದರ ಮೇಲೆ ಎಚ್.ಎಂ.ಟಿ. ಸಾಲು. ಮೊದಲ ಸಂಬಳದಲ್ಲಿ ಕೊಂಡ ಜನತಾ, ಕಪ್ಪು ಡಯಲಿನ ಪೈಲಟ್, ಮದುವೆಯಲ್ಲಿ ಮಾವನವರು ಕಟ್ಟಿದ ಕಾಂಚನ್, ನಿವೃತ್ತಿಯ ದಿನ ಬಂದ ಚಿನ್ನದ ಬಣ್ಣದ ಸೋನಾ, ತೀರಿಕೊಂಡ ಅಣ್ಣ ಬಳಸುತ್ತಿದ್ದ ಬ್ರೈಲ್ ವಾಚು. ಇವಲ್ಲದೆ ಕಾರ್ಖಾನೆ ಮುಚ್ಚುವ ಸುದ್ದಿ ಕೇಳಿ ಕೊಂಡಿಟ್ಟ ಇನ್ನೆರಡು ಜನತಾ, ಕೈಗೆ ಕಟ್ಟದವು, ಡಬ್ಬಿ ಬಿಲ್ಲು ಸಮೇತ. ಆಮೇಲೆ ಸಂಬಂಧಿಕರು ಕೊಲ್ಲಿ ದೇಶದಿಂದ ತಂದ ಸೀಕೋ 5, ಎಲ್ಲಿಂದಲೋ ತರಿಸಿದ ಫೇವರ್ ಲ್ಯೂಬಾ ಒಂದು, ಸೆಲ್ಲಿನಿಂದ ನಡೆಯುವ ಕ್ವಾರ್ಟ್ಸ್ ಎರಡು.

ಎಚ್.ಎಂ.ಟಿ.ಯ ಹೆಸರು ಕೇಳಿದರೆ ಇಂದಿನ ಮಕ್ಕಳಿಗೆ ಅಜ್ಜಂದಿರ ನೆನಪು ಮಾತ್ರ. 1953ರಲ್ಲಿ ಬೆಂಗಳೂರಿನಲ್ಲಿ ಯಂತ್ರೋಪಕರಣ ತಯಾರಿಸಲು ಹುಟ್ಟಿದ ಸರ್ಕಾರಿ ಸಂಸ್ಥೆ ಅದು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಕೈಗಡಿಯಾರಕ್ಕೆ ಕೈಹಾಕಿತು. ಮೊದಲ ತಂಡದ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ಜವಾಹರಲಾಲ್ ನೆಹರೂ. ಆಮೇಲೆ ತುಮಕೂರಿನಲ್ಲಿ, ಶ್ರೀನಗರದಲ್ಲಿ, ಹಿಮಾಲಯದ ತಪ್ಪಲಿನ ರಾಣಿಬಾಗ್‌ನಲ್ಲಿ ಕಾರ್ಖಾನೆಗಳಾದವು. ಎಸ್ಸೆಸ್ಸೆಲ್ಸಿ ಪಾಸಾದರೆ ಎಚ್.ಎಂ.ಟಿ., ಕೆಲಸ ಸಿಕ್ಕರೆ ಎಚ್.ಎಂ.ಟಿ., ಮದುವೆಯಾದರೆ ಎಚ್.ಎಂ.ಟಿ. ಕಾಂಚನ್‌ಗಾಗಿ ಹೆಣ್ಣಿನ ಕಡೆಯವರು ಊರೂರು ಅಲೆದದ್ದುಂಟು. 1984ರಲ್ಲಿ ಟೈಟಾನ್ ಹುಟ್ಟಿತು. ಹೊಸೂರಿನ ಅದರ ಕಾರ್ಖಾನೆಯಿಂದ ಕ್ವಾರ್ಟ್ಸ್ ವಾಚುಗಳು ಹೊರಬಂದ ಮೇಲೆ ಕೀ ಕೊಡುವ ವಾಚಿನ ದಿನಗಳು ಎಣಿಕೆಗೆ ಬಂದವು. 2014ರಲ್ಲಿ ಮುಚ್ಚುವ ಮಾತು ಹೊರಬಿದ್ದಾಗ ಅಂಗಡಿಗಳಲ್ಲಿ ಜನ ಮುಗಿಬಿದ್ದರು. ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು 2016ರ ಜನವರಿಯಲ್ಲಿ. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋ ಸಂಸ್ಥೆಗೆ ಹೋಯಿತು. ಅದೇ ಇಸ್ರೋ ಚಳ್ಳಕೆರೆ ತಾಲ್ಲೂಕಿನ ಕಾವಲಿನಲ್ಲೂ ಜಾಗ ಪಡೆದಿದೆ ಎಂಬುದು ಇಲ್ಲಿನ ವಿದ್ಯಾರ್ಥಿಗಳಿಗೆ ಗೊತ್ತೇ ಇದೆ.

ಇಲ್ಲೊಂದು ಮಾತು. ಕಾರ್ಖಾನೆ ಮುಚ್ಚಿತು ಎಂದ ಮಾತ್ರಕ್ಕೆ ಅದು ಮಾಡಿದ್ದೆಲ್ಲ ಅಪರೂಪವಾಗುವುದಿಲ್ಲ. ಎಚ್.ಎಂ.ಟಿ. ವಾಚುಗಳನ್ನು ಕೋಟಿಗಟ್ಟಲೆ ಮಾಡಿ ಮಾರಿದೆ. ಮುಚ್ಚಿದ ಮೇಲೂ ಆ ಹೆಸರಿನ ವಾಚುಗಳು ಮಾರಾಟಕ್ಕೆ ಬಂದಿವೆ. ಹೀಗಾಗಿ "ಇನ್ನು ಇದು ಸಿಗೋದಿಲ್ಲ" ಎಂಬ ಒಂದೇ ನಂಬಿಕೆಯ ಮೇಲೆ ಬೆಲೆ ಕಟ್ಟಿದರೆ ಮೋಸ ಹೋಗುವುದು ಕಟ್ಟಿದವರೇ. ಸಂಗ್ರಾಹಕರು ಹೆಚ್ಚು ಕೊಡುವುದು ಹೆಸರಿಗಲ್ಲ, ಸ್ಥಿತಿಗೆ. ಮೂಲ ಡಯಲ್, ಮೂಲ ಮುಳ್ಳುಗಳು, ಅದರದೇ ಕೇಸು, ಜೊತೆಗೆ ಡಬ್ಬಿ ಮತ್ತು ಬಿಲ್ಲು ಇದ್ದರೆ ಕಾಸು.

ತಾತ ಮೊದಲು ಕೈಗೆತ್ತಿಕೊಂಡದ್ದು ಸೋನಾ. ಕಾರಣ ಸರಳ. ಅದು ಚಿನ್ನದ ಬಣ್ಣದ್ದು, ಹೆಚ್ಚು ಬರುತ್ತದೆ ಎಂಬ ಲೆಕ್ಕ. ಅಂದು ಮೊಳಕಾಲ್ಮೂರಿನಿಂದ ಭಾವಮೈದುನ ಬಂದಿದ್ದರು, ರೇಷ್ಮೆ ಸೀರೆ ನೇಯುವವರು. ಅವರು ನಕ್ಕರು.

"ಭಾವ, ನಮ್ಮ ಹಳೇ ಸೀರೆ ಜರಿ ಆದ್ರೆ ತೂಕಕ್ಕೆ ಹೋಗುತ್ತೆ. ಸುಟ್ಟರೆ ಬೆಳ್ಳಿ ಉಳಿಯುತ್ತೆ. ಇದನ್ನ ಸುಟ್ಟರೆ ಏನು ಉಳಿಯುತ್ತೆ?"

ನೇಕಾರರ ಮಾತಿನಲ್ಲಿ ರಸಾಯನಶಾಸ್ತ್ರವಿದೆ. ಅಸಲಿ ಜರಿ ಎಂದರೆ ಬೆಳ್ಳಿಯ ಎಳೆ, ಅದರ ಮೇಲೆ ಚಿನ್ನದ ತೆಳು ಲೇಪ. ಲೇಪ ತೆಳುವಾದರೂ ಒಳಗಿನ ಬೆಳ್ಳಿಗೇ ಬೆಲೆ. ವಾಚಿನ ಕೇಸಿನಲ್ಲಿ ಲೇಪದ ಕೆಳಗಿರುವುದು ಹಿತ್ತಾಳೆ ಅಥವಾ ಉಕ್ಕು. ಹತ್ತನೆಯ ತರಗತಿಯವರು ಈ ಲೆಕ್ಕವನ್ನು ಮಾಡಬಹುದು. ಕೇಸಿನ ಹೊರಮೈ ಸುಮಾರು 15 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಲೇಪ ಧಾರಾಳವಾಗಿ 10 ಮೈಕ್ರಾನ್, ಅಂದರೆ 0.001 ಸೆಂಟಿಮೀಟರ್ ದಪ್ಪ ಇದ್ದರೆ, ಘನ ಅಳತೆ 0.015 ಘನ ಸೆಂಟಿಮೀಟರ್. ಚಿನ್ನದ ಸಾಂದ್ರತೆ 19.3. ಗುಣಿಸಿದರೆ 0.29 ಗ್ರಾಂ. ಅದೂ ಲೇಪ ಅಪ್ಪಟ ಚಿನ್ನದ್ದಾಗಿದ್ದರೆ, ಎಲ್ಲೂ ಸವೆಯದಿದ್ದರೆ. ಅದನ್ನು ಬಿಡಿಸಿ ತೆಗೆಯುವ ಖರ್ಚು ಬೇರೆ. ಚಿನ್ನದ ಬಣ್ಣಕ್ಕೆ ಸೋನಾವನ್ನು ಮೊದಲು ಮಾರುವುದರಲ್ಲಿ ಅರ್ಥವಿಲ್ಲ. ಅದು ಪಟ್ಟಿಯಲ್ಲಿ ಕೆಳಗೆ ಹೋಯಿತು.

ಇದೇ ಜಾತಿಯ ಇನ್ನೊಂದು ಭ್ರಮೆ ಡಯಲಿನ ಮೇಲೆ ಬರೆದಿರುವ '17 ಜ್ಯೂಯೆಲ್ಸ್'. ಒಳಗೆ ಹದಿನೇಳು ರತ್ನಗಳಿವೆ ಎಂದು ಓದಿ ಕಣ್ಣರಳಿಸಿದವರು ಎಷ್ಟೋ ಜನ. ಅವು ಕೆಂಪುಗಳೇ ನಿಜ, ಆದರೆ ಕಾರ್ಖಾನೆಯಲ್ಲಿ ಬೆಳೆಸಿದ ಕೆಂಪುಗಳು. ಅಲ್ಯೂಮಿನಿಯಂ ಆಕ್ಸೈಡಿನಲ್ಲಿ ಸ್ವಲ್ಪ ಕ್ರೋಮಿಯಂ ಸೇರಿಸಿ ಉರಿಯಲ್ಲಿ ಕರಗಿಸಿ ಹರಳುಗಟ್ಟಿಸುವ ವಿಧಾನ 20ನೆಯ ಶತಮಾನದ ಆರಂಭದಿಂದಲೇ ಇದೆ. ಗಟ್ಟಿತನ ಹೆಚ್ಚು, ನಯವೂ ಹೆಚ್ಚು, ಆದ್ದರಿಂದ ಚಕ್ರಗಳ ಅಚ್ಚು ತಿರುಗುವ ಜಾಗದಲ್ಲಿ ಇವನ್ನು ಕೂರಿಸುತ್ತಾರೆ. ಸವೆತ ಕಡಿಮೆ ಮಾಡುವುದಷ್ಟೇ ಅವುಗಳ ಕೆಲಸ. ಅಕ್ಕಸಾಲಿಗರ ಅಂಗಡಿಯಲ್ಲಿ ಅವಕ್ಕೆ ಬೆಲೆಯಿಲ್ಲ.

ಹಾಗಾದರೆ ಬೆಲೆ ಯಾವುದಕ್ಕೆ? ನಡೆಯುವ ಯಂತ್ರಕ್ಕೆ. ಕೀ ಕೊಟ್ಟಾಗ ಸುರುಳಿ ಸ್ಪ್ರಿಂಗ್ ಬಿಗಿಯುತ್ತದೆ. ಅದರ ಶಕ್ತಿ ಹಲ್ಲುಚಕ್ರಗಳ ಮೂಲಕ ಬ್ಯಾಲೆನ್ಸ್ ಚಕ್ರಕ್ಕೆ ಹನಿಹನಿಯಾಗಿ ಸೇರುತ್ತದೆ. ಜನತಾ ಮಾದರಿಯ ಯಂತ್ರದಲ್ಲಿ ಟಿಕ್ ಶಬ್ದ ಸೆಕೆಂಡಿಗೆ ಐದು ಸಲ, ಗಂಟೆಗೆ 18,000 ಸಲ, ದಿನಕ್ಕೆ 4,32,000 ಸಲ. ಇಷ್ಟು ಸಲ ಬಡಿಯುವ ಯಂತ್ರ ದಿನಕ್ಕೆ ಇಪ್ಪತ್ತು ಸೆಕೆಂಡು ತಪ್ಪಿದರೆ ಅದು ದೋಷವಲ್ಲ. ದಿನದಲ್ಲಿ 86,400 ಸೆಕೆಂಡುಗಳಿವೆ, ಇಪ್ಪತ್ತೆಂದರೆ ಶೇಕಡಾ 0.023 ಮಾತ್ರ. ಶಾಲೆಯ ಪ್ರಯೋಗಾಲಯದಲ್ಲಿ ಇಷ್ಟು ನಿಖರವಾದ ಉಪಕರಣ ಬೇರೊಂದು ಸಿಗುವುದು ಕಷ್ಟ.

ಕ್ವಾರ್ಟ್ಸ್ ವಾಚಿನ ಹಾದಿ ಬೇರೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು 1880ರಲ್ಲಿ ಕ್ಯೂರಿ ಸೋದರರು ತೋರಿಸಿದರು. ವಿದ್ಯುತ್ ಕೊಟ್ಟರೆ ಹರಳು ಕಂಪಿಸುತ್ತದೆ ಎಂಬುದು ಅದರ ಮಗ್ಗುಲು. ವಾಚಿನ ಪುಟ್ಟ ಹರಳು ಸೆಕೆಂಡಿಗೆ 32,768 ಸಲ ಕಂಪಿಸುವಂತೆ ಕತ್ತರಿಸಿರುತ್ತಾರೆ. ಯಾಕೆ ಆ ಸಂಖ್ಯೆ? ಅದು ಎರಡರ ಹದಿನೈದನೆಯ ಘಾತ. ಹದಿನೈದು ಸಲ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ ಒಂದು ಉಳಿಯುತ್ತದೆ, ಸೆಕೆಂಡಿಗೆ ಒಂದು ತಳ್ಳು. ಹಾಗೆ ಇಳಿಯುವ ದಾರಿಯಲ್ಲಿ 256 ಸಿಗುತ್ತದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ.ಎಲ್. ರೈಸ್ ಅವರು ಪತ್ತೆಹಚ್ಚಿದ ಅಶೋಕನ ಶಾಸನದಲ್ಲೂ 256 ಎಂಬ ಅಂಕಿ ಕೊರೆದಿದೆ. ಅದು ಸಂಚಾರದಲ್ಲಿ ಕಳೆದ ರಾತ್ರಿಗಳ ಲೆಕ್ಕ ಎನ್ನುತ್ತಾರೆ, ವಿದ್ವಾಂಸರಲ್ಲಿ ಚರ್ಚೆಯೂ ಇದೆ. ಎರಡಕ್ಕೂ ನಂಟೇನಿಲ್ಲ, ಬರೀ ಕಾಕತಾಳೀಯ. ಬಂಡೆ ನೋಡಲು ಹೋದ ಮಕ್ಕಳಿಗೆ ಎರಡರ ಎಂಟನೆಯ ಘಾತ ಎಷ್ಟೆಂದು ಕೇಳಲು ಒಳ್ಳೆಯ ನೆಪ, ಅಷ್ಟೆ.

ಈ ಡಬ್ಬಿಯ ಮಟ್ಟಿಗೆ ಮುಖ್ಯವಾದದ್ದು ಹರಳಲ್ಲ, ಸೆಲ್ಲು. ಸಿಲ್ವರ್ ಆಕ್ಸೈಡ್ ಸೆಲ್ಲಿನೊಳಗೆ ಕ್ಷಾರವಿರುತ್ತದೆ. ಸತ್ತ ಸೆಲ್ಲನ್ನು ವರ್ಷಗಟ್ಟಲೆ ಒಳಗೇ ಬಿಟ್ಟರೆ ಅದು ಸೋರಿ ತಾಮ್ರದ ಗೆರೆಗಳನ್ನೂ ಸಂಪರ್ಕದ ತಗಡುಗಳನ್ನೂ ತಿಂದುಹಾಕುತ್ತದೆ. ಕೀ ವಾಚು ಡಬ್ಬಿಯಲ್ಲಿ ಮಲಗಿದರೆ ನಿಧಾನವಾಗಿ ಮುದಿಯಾಗುತ್ತದೆ. ಸೆಲ್ಲಿನ ವಾಚು ಒಂದು ದಿನ ಇದ್ದಕ್ಕಿದ್ದಂತೆ ಸಾಯುತ್ತದೆ. ಕಾದಷ್ಟೂ ಬೆಲೆ ಇಳಿಯುವ ವಸ್ತು ಯಾವುದೋ ಅದು ಮೊದಲು ಹೋಗಬೇಕು. ಇದು ಮಾರಾಟದ ಮೊದಲ ಸೂತ್ರ. ಬೆಲೆ ಹೆಚ್ಚೋ ಕಡಿಮೆಯೋ ಎಂಬುದು ಆಮೇಲಿನ ಮಾತು. ಡಬ್ಬಿಯ ಎರಡು ಕ್ವಾರ್ಟ್ಸ್ ವಾಚುಗಳನ್ನು ಅಂದೇ ಬಿಚ್ಚಿಸಿ ಹಳೆಯ ಸೆಲ್ಲು ತೆಗೆಸಲಾಯಿತು. ಎರಡೂ ಬದುಕಿದ್ದವು.

ಚಳ್ಳಕೆರೆಯ ಹವೆಯ ಬಗ್ಗೆಯೂ ಒಂದು ಮಾತು ಬೇಕು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಇದೂ ಒಂದು. ಕರಾವಳಿಯ ಮನೆಗಳಲ್ಲಿ ವಾಚಿನ ಉಕ್ಕಿಗೆ ತುಕ್ಕು ಹಿಡಿಯುವಂತೆ ಇಲ್ಲಿ ಹಿಡಿಯುವುದಿಲ್ಲ. ಆದರೆ ಧೂಳು ಬಿಡುವುದಿಲ್ಲ, ಚರ್ಮದ ಬೆಲ್ಟು ಬಿರುಕು ಬಿಡುತ್ತದೆ, ಒಳಗಿನ ಎಣ್ಣೆ ಒಣಗುತ್ತದೆ. ಶೇಂಗಾ ಎಣ್ಣೆಗೆ ಹೆಸರಾದ ಊರು ಇದು. ಆದರೂ ಇಲ್ಲಿ ತೆಗೆದ ಎಣ್ಣೆಯ ಒಂದು ಹನಿಯೂ ವಾಚಿಗೆ ಸಲ್ಲುವುದಿಲ್ಲ. ಅಡುಗೆಯ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಜಿಗುಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಹರಡಿಹೋಗುತ್ತದೆ. ಹಿಂದೆ ಡಾಲ್ಫಿನ್ ಜಾತಿಯ ಪಾರ್ಪಾಯಿಸ್ ಎಂಬ ಕಡಲಪ್ರಾಣಿಯ ದವಡೆಯ ಎಣ್ಣೆಯನ್ನು ವಾಚಿಗೆ ಬಳಸುತ್ತಿದ್ದರು. ಈಗಿನದು ರಾಸಾಯನಿಕವಾಗಿ ತಯಾರಿಸಿದ್ದು. ನಿಂತ ವಾಚು ನಡೆಯಲಿ ಎಂದು ಮನೆಯಲ್ಲೇ ಎಣ್ಣೆ ಬಿಟ್ಟ ವಾಚುಗಳು ರಿಪೇರಿಯವರ ಮೇಜಿಗೆ ಬರುತ್ತಲೇ ಇರುತ್ತವೆ. ಅವರು ಬೈಯುವುದೂ ನ್ಯಾಯವೇ.

ಮೊಮ್ಮಗಳಿಗೆ ಒಂದು ಕೆಲಸ ವಹಿಸಲಾಯಿತು. ನಡೆಯುವ ಪ್ರತಿಯೊಂದು ವಾಚಿಗೂ ಬೆಳಿಗ್ಗೆ ಏಳಕ್ಕೆ ಕೀ ಕೊಟ್ಟು ಫೋನಿನ ಗಡಿಯಾರಕ್ಕೆ ಹೊಂದಿಸುವುದು. ಮರುದಿನ ಅದೇ ಹೊತ್ತಿಗೆ ಎಷ್ಟು ಸೆಕೆಂಡು ಮುಂದೆ, ಎಷ್ಟು ಹಿಂದೆ ಎಂದು ಬರೆಯುವುದು. ಒಂದು ವಾರ ಡಯಲ್ ಮೇಲೆ ಮಾಡಿ, ಇನ್ನೊಂದು ವಾರ ಕೀ ಕೆಳಗೆ ಬರುವಂತೆ ನಿಲ್ಲಿಸಿ. ಇದನ್ನು ಯಾವ ವಿದ್ಯಾರ್ಥಿಯೂ ಮನೆಯಲ್ಲಿ ಮಾಡಬಹುದು, ಖರ್ಚಿಲ್ಲ. ಪಟ್ಟಿಯಲ್ಲಿ ನೋಡಬೇಕಾದದ್ದು ತಪ್ಪಿನ ಪ್ರಮಾಣವಲ್ಲ, ತಪ್ಪಿನ ಸ್ಥಿರತೆ. ದಿನವೂ ಮೂವತ್ತು ಸೆಕೆಂಡು ಹಿಂದೆ ಬೀಳುವ ವಾಚು ಆರೋಗ್ಯವಾಗಿದೆ, ತಿದ್ದಿದರೆ ಸರಿಹೋಗುತ್ತದೆ. ಒಂದು ದಿನ ಐದು ಮುಂದೆ, ಇನ್ನೊಂದು ದಿನ ತೊಂಬತ್ತು ಹಿಂದೆ ಹೋಗುವುದು ಕಾಯಿಲೆಯದು. ಮೊದಲ ಸಂಬಳದ ಜನತಾ ದಿನವೂ ಹದಿನೆಂಟು, ಇಪ್ಪತ್ತು, ಹತ್ತೊಂಬತ್ತು ಸೆಕೆಂಡು ಮುಂದೆ. ಪೈಲಟ್ ಮಾತ್ರ ಮನಬಂದಂತೆ.

"ತಾತ, ಪೈಲಟ್‌ನ ಸರ್ವೀಸ್ ಮಾಡಿಸಿ ಮಾರೋಣ. ಚೆನ್ನಾಗಿ ನಡೆದ್ರೆ ಹೆಚ್ಚು ಬರಲ್ವಾ?"

ಕೇಳುವುದಕ್ಕೆ ಸರಿಯಾಗಿದೆ. ಲೆಕ್ಕ ಹಾಕಿದರೆ ಬೇರೆ ಬರುತ್ತದೆ. ಸರ್ವೀಸಿಗೆ ರೂ. 700 ಆಗುತ್ತದೆ, ಅದರಿಂದ ಮಾರುವ ಬೆಲೆ ರೂ. 500 ಏರುತ್ತದೆ ಎಂದಾದರೆ ರೂ. 200 ನಷ್ಟಕ್ಕೆ ಶ್ರಮಪಟ್ಟಂತಾಯಿತು. (ಈ ಅಂಕಿಗಳು ಲೆಕ್ಕಕ್ಕೆ ಮಾತ್ರ, ಪೇಟೆಯ ದರವಲ್ಲ.) ಸಂಗ್ರಾಹಕರಲ್ಲಿ ಹೆಚ್ಚಿನವರಿಗೆ ತಮ್ಮದೇ ರಿಪೇರಿಯವರು ಇರುತ್ತಾರೆ. ಅವರು ಕೊಂಡ ಮೇಲೆ ಹೇಗೂ ಮತ್ತೆ ಬಿಚ್ಚಿಸುತ್ತಾರೆ. ಹಾಗಾಗಿ ದೋಷವನ್ನು ಬರೆದು ತಿಳಿಸಿ ಇದ್ದ ಹಾಗೇ ಮಾರುವುದು ಲೇಸು. ಇದಕ್ಕಿಂತ ದೊಡ್ಡ ತಪ್ಪು ಎಂದರೆ ಮಾರುವ ಮೊದಲು ಕೇಸಿಗೆ ಪಾಲಿಶ್ ಹಾಕಿಸುವುದು, ಡಯಲಿಗೆ ಹೊಸ ಬಣ್ಣ ಹೊಡೆಸುವುದು. ಮನೆಗೆ ಸುಣ್ಣ ಬಳಿದರೆ ಬಾಡಿಗೆ ಏರಬಹುದು. ವಾಚಿಗೆ ಬಳಿದರೆ ಬೆಲೆ ಬೀಳುತ್ತದೆ.

ಫೇವರ್ ಲ್ಯೂಬಾದ ಗುಟ್ಟು ಹೊರಬಿದ್ದದ್ದು ಹಾಗೆ. ಭೂತಗನ್ನಡಿಯಲ್ಲಿ ನೋಡಿದಾಗ ಅಕ್ಷರಗಳ ಅಂಚು ಕಲಸಿತ್ತು, ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ಸರಿಯಾಗಿ ಕೂಡುತ್ತಿರಲಿಲ್ಲ, ಅರ್ಧ ಶತಮಾನದ ಹಳೆಯ ಕೇಸಿನೊಳಗೆ ಡಯಲ್ ಮಾತ್ರ ನಿನ್ನೆ ಮೊನ್ನೆಯದರಂತೆ ಮಿಂಚುತ್ತಿತ್ತು. ಹೀಗೆ ಬಣ್ಣ ಬಳಿದು, ಮೂರು ಸತ್ತ ವಾಚುಗಳ ಭಾಗ ಸೇರಿಸಿ ಒಂದು ಮಾಡಿ 'ಹಳೆಯದು, ಅಪರೂಪದ್ದು' ಎಂದು ಮಾರುವ ವ್ಯಾಪಾರ ನಮ್ಮ ದೇಶದಲ್ಲಿ ದೊಡ್ಡದಾಗಿದೆ. ತಾತ ಅದಕ್ಕೆ ರೂ. 4,500 ಕೊಟ್ಟಿದ್ದರು. "ಅಷ್ಟಾದರೂ ಬರಬೇಕು, ಇಲ್ಲದಿದ್ರೆ ಇಟ್ಕೋತೀನಿ" ಎಂದರು.

ಇಲ್ಲಿ ಮನಃಶಾಸ್ತ್ರ ಬರುತ್ತದೆ. ಕೊಟ್ಟ ಹಣ ಹೋದ ಹಣ. ಈಗ ಕೇಳಬೇಕಾದ ಪ್ರಶ್ನೆ ಒಂದೇ. ಈ ವಾಚು ಇವರ ಹತ್ತಿರ ಇಲ್ಲದಿದ್ದು, ಕೈಯಲ್ಲಿ ರೂ. 2,000 ಇದ್ದರೆ, ಇದನ್ನು ಆ ಬೆಲೆಗೆ ಕೊಳ್ಳುತ್ತಿದ್ದರೇ? ಇಲ್ಲವೆಂದಾದರೆ ಆ ಬೆಲೆಗೆ ಬಿಡುವುದರಲ್ಲಿ ನಷ್ಟವಿಲ್ಲ. ಕಾನೆಮನ್, ನೆಚ್, ಥೇಲರ್ ಎಂಬ ಮೂವರು 1990ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ. ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಜನರಿಗೆ ಕಾಫಿ ಕುಡಿಯುವ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದರು. ಉಳಿದವರಿಗೆ, ಎಷ್ಟಕ್ಕೆ ಕೊಳ್ಳುತ್ತೀರಿ ಎಂದರು. ಮಗ್ ಕೈಗೆ ಬಂದು ಕೆಲವೇ ನಿಮಿಷವಾಗಿತ್ತು. ಆದರೂ ಮಾರುವವರು ಹೇಳಿದ ಬೆಲೆ ಕೊಳ್ಳುವವರು ಹೇಳಿದ್ದರ ಸುಮಾರು ಎರಡರಷ್ಟಿತ್ತು. ನಿಮಿಷಗಳ ಒಡೆತನಕ್ಕೇ ಇಷ್ಟಾದರೆ ನಲವತ್ತು ವರ್ಷದ ಒಡೆತನಕ್ಕೆ ಎಷ್ಟಾಗಬೇಡ! ತಾತನನ್ನು ಬೈದು ಫಲವಿಲ್ಲ. ಬೆಲೆ ಕಟ್ಟುವ ಕೆಲಸವನ್ನು ಡಬ್ಬಿಯ ಒಡೆಯರಿಗೆ ಬಿಡದಿದ್ದರೆ ಆಯಿತು. ಅದೇ ಮಾದರಿಯ, ಅದೇ ಸ್ಥಿತಿಯ ವಾಚು ನಿಜವಾಗಿ ಎಷ್ಟಕ್ಕೆ ಹೋಯಿತು ಎಂದು ವಿಚಾರಿಸಬೇಕು. ಮಾರುವವರು ಎಷ್ಟು ಕೇಳುತ್ತಿದ್ದಾರೆ ಎಂಬುದು ಬೆಲೆಯಲ್ಲ.

ಹಾಗಾದರೆ ನೆನಪಿಗೆ ಬೆಲೆಯೇ ಇಲ್ಲವೆ? ಇದೆ, ಆದರೆ ಬೇರೆ ಖಾನೆಯಲ್ಲಿ. ಮೊಮ್ಮಗಳು ಒಂದು ಹಾಳೆಯಲ್ಲಿ ಮೂರು ಖಾನೆ ಹಾಕಿದಳು. ಕೈಗೆ ನಿಜವಾಗಿ ಎಷ್ಟು ಬರುತ್ತದೆ, ಇಟ್ಟುಕೊಂಡರೆ ಕೆಡುತ್ತದೆಯೇ, ಮುಂದೆ ಹಣ ಬಂದಾಗ ಇಂಥದೇ ಇನ್ನೊಂದು ಸಿಗುತ್ತದೆಯೇ. ಮೂರನೆಯ ಖಾನೆಯೇ ಹೆಚ್ಚಿನ ಜಗಳ ಬಗೆಹರಿಸಿತು. ಸೀಕೋ 5 ಎಂಬ ಸಾಲು 1963ರಿಂದ ಇದೆ, ಈಗಲೂ ಅಂಗಡಿಯಲ್ಲಿ ಸಿಗುತ್ತದೆ. ಡಬ್ಬಿಯಲ್ಲಿ ಅದೇ ದುಬಾರಿಯದು, ಅದಕ್ಕೇ ತಾತ ಅದನ್ನು ಕೊನೆಗೆ ಇಟ್ಟಿದ್ದರು. ದುಬಾರಿಯಾದದ್ದು ಕೊನೆಗೆ ಎಂಬ ನಿಯಮ ಎಲ್ಲಿಯೂ ಇಲ್ಲ. ಮತ್ತೆ ಕೊಳ್ಳಬಹುದಾದದ್ದು ಮೊದಲು ಹೋಗಲಿ. ಕೈಗೆ ಕಟ್ಟದ ಎರಡು ಜನತಾಗಳೂ ಹಾಗೆಯೇ. ಅವುಗಳ ಅಣ್ಣ ಆಗಲೇ ಮನೆಯಲ್ಲಿದ್ದಾನೆ. ಮೊದಲ ಸಂಬಳದ ಗೀರುಬಿದ್ದ ಜನತಾಗೆ ಪೇಟೆಯಲ್ಲಿ ಇವುಗಳ ಅರ್ಧ ಬೆಲೆಯೂ ಬರುವುದಿಲ್ಲ. ಅಗ್ಗವಾದ್ದರಿಂದ ಅದನ್ನೇ ಮಾರಿಬಿಡೋಣ ಎನ್ನುವವರು ಉಂಟು. ಅಗ್ಗವಾದ್ದರಿಂದಲೇ ಮಾರಬಾರದು. ಬರುವುದು ಕಡಿಮೆ, ಹೋಗುವುದು ಮರಳಿ ಸಿಗದ್ದು.

ಇನ್ನು ತಳದ ವೆಸ್ಟ್ ಎಂಡ್. ಇದರ ವಿಷಯದಲ್ಲಿ ಮಾತ್ರ ಪೋಷಕರು ಸ್ವಲ್ಪ ನಿಂತು ಓದಬೇಕು. 20ನೆಯ ಶತಮಾನದ ಮೊದಲ ಆರು ದಶಕಗಳಲ್ಲಿ ಕತ್ತಲಲ್ಲಿ ಹೊಳೆಯುವ ಡಯಲುಗಳಿಗೆ ರೇಡಿಯಂ ಬೆರೆತ ಬಣ್ಣ ಬಳಿಯುತ್ತಿದ್ದರು. ರೇಡಿಯಂ ಹೊರಸೂಸುವ ಕಣಗಳು ಸತುವಿನ ಸಲ್ಫೈಡಿಗೆ ಬಡಿದು ಬೆಳಕು ಬರುತ್ತಿತ್ತು. ಅಮೆರಿಕದ ನ್ಯೂಜೆರ್ಸಿಯಲ್ಲಿ 1917ರ ನಂತರದ ವರ್ಷಗಳಲ್ಲಿ ಈ ಬಣ್ಣ ಬಳಿಯುತ್ತಿದ್ದ ಹುಡುಗಿಯರು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡುತ್ತಿದ್ದರು. ದವಡೆಯ ಮೂಳೆ ಕೊಳೆತು ಹಲವರು ಸತ್ತರು. ಕಾರ್ಮಿಕರ ಆರೋಗ್ಯದ ಚರಿತ್ರೆಯಲ್ಲಿ ಅದೊಂದು ದೊಡ್ಡ ಪ್ರಕರಣ.

ತಾತನ ತಂದೆಯ ವಾಚು ಈಗ ಹೊಳೆಯುವುದಿಲ್ಲ. "ರೇಡಿಯಂ ಸತ್ತುಹೋಗಿದೆ" ಎಂದು ಮನೆಯವರ ತಿಳಿವಳಿಕೆ. ಸತ್ತದ್ದು ಸತುವಿನ ಸಲ್ಫೈಡು. ರೇಡಿಯಂನ ಅರ್ಧಾಯುಷ್ಯ ಸುಮಾರು 1,600 ವರ್ಷ. ನೂರು ವರ್ಷದಲ್ಲಿ ಅದರ ಶೇಕಡಾ ನಾಲ್ಕರಷ್ಟು ಮಾತ್ರ ಕರಗಿರುತ್ತದೆ. ಹೊಳೆಯದಿದ್ದರೂ ಅದು ಅಲ್ಲೇ ಇದೆ. ಗಾಜು ಭದ್ರವಾಗಿ, ಮುಚ್ಚಿದ ಕೇಸಿನೊಳಗೆ ಒಂದು ವಾಚು ಮನೆಯಲ್ಲಿದ್ದರೆ ಗಾಬರಿಪಡಬೇಕಾದ್ದಿಲ್ಲ. ಅಪಾಯವಿರುವುದು ಅದನ್ನು ಬಿಚ್ಚಿದಾಗ. ಒಣಗಿ ಉದುರುವ ಬಣ್ಣದ ಪುಡಿ ಉಸಿರಿನ ಮೂಲಕವೋ ಬೆರಳಿನ ಮೂಲಕವೋ ಒಳಗೆ ಹೋದರೆ ಕ್ಯಾಲ್ಸಿಯಂ ಹೋಗುವ ಜಾಗಕ್ಕೇ, ಮೂಳೆಗೇ, ಸೇರುತ್ತದೆ. ಮಕ್ಕಳ ಕೈಗೆ ಆಟಕ್ಕೆ ಕೊಡಬಾರದು, ದಿಂಬಿನ ಕೆಳಗೆ ಇಡಬಾರದು, ರಿಪೇರಿಯವರಿಗೆ ಕೊಡುವುದಾದರೆ ಮೊದಲೇ ಹೇಳಬೇಕು. ಡಯಲಿನ ಅಡಿಯಲ್ಲಿ ಇಂಗ್ಲಿಷಿನ ಟಿ ಅಕ್ಷರವಿದ್ದರೆ ಅದು ಆಮೇಲಿನ ಕಾಲದ ಟ್ರಿಟಿಯಂ ಬಣ್ಣ. ಅದರ ಅರ್ಧಾಯುಷ್ಯ 12.3 ವರ್ಷ ಮಾತ್ರ, ಹಳೆಯದರಲ್ಲಿ ಬಹುಪಾಲು ಕರಗಿಹೋಗಿರುತ್ತದೆ.

ಮೊಳಕಾಲ್ಮೂರಿನವರು ಈ ವಾಚನ್ನು ವಿದೇಶದ ಗಿರಾಕಿಗೆ ಕಳಿಸಿದರೆ ಒಳ್ಳೆಯ ಬೆಲೆ ಬರಬಹುದು ಎಂದರು. ಅದಕ್ಕೆ ಕಾನೂನು ಅಡ್ಡ ಬರುತ್ತದೆ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿದ ವಸ್ತು ಪ್ರಾಚ್ಯವಸ್ತುವಿನ ಲೆಕ್ಕಕ್ಕೆ ಬರುತ್ತದೆ, ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ವಾಚು ಎಷ್ಟು ಹಳೆಯದೆಂದು ಖಚಿತವಿಲ್ಲದಾಗ ಆ ದಾರಿಗೆ ಹೋಗದಿರುವುದೇ ಸರಿ. ರೇಡಿಯಂ ಕಾರಣಕ್ಕೂ ಸರಿ. ಅದನ್ನು ಬೇರೆ ಪುಟ್ಟ ಡಬ್ಬಿಯಲ್ಲಿ ಹಾಕಿ, 'ಬಿಚ್ಚಬೇಡಿ, ರೇಡಿಯಂ ಇದೆ' ಎಂದು ಚೀಟಿ ಬರೆದು, ಯಾರೂ ಮಲಗದ ಕೋಣೆಯ ಅಟ್ಟದ ಮೇಲೆ ಇಡಲಾಯಿತು. ಮುಂದಿನ ತಲೆಮಾರಿಗೆ ಆ ಚೀಟಿ ವಾಚಿಗಿಂತ ಹೆಚ್ಚು ಬೇಕಾದದ್ದು.

ಮಾರುವ ದಾರಿಯಲ್ಲೂ ಎಚ್ಚರ ಬೇಕು. ಊರಿನ ರಿಪೇರಿ ಅಂಗಡಿಯವರು ಕೊಡುವ ಬೆಲೆ ಕಡಿಮೆ, ಆದರೆ ಹಣ ಆಗಲೇ ಕೈಗೆ. ಬೆಂಗಳೂರಿನ ಸಂಗ್ರಾಹಕರಿಗೆ ಮಾರಿದರೆ ಹೆಚ್ಚು, ಆದರೆ ಫೋಟೋ, ಪಾರ್ಸೆಲ್ಲು, ಚೌಕಾಸಿ, ಕಾಯುವಿಕೆ. ಗಡುವು ಆರು ವಾರ ಇರುವಾಗ ಮೊದಲ ನಾಲ್ಕು ವಾರ ಎರಡನೆಯ ದಾರಿ, ಉಳಿದದ್ದಕ್ಕೆ ಮೊದಲನೆಯದು ಎಂದು ಗೊತ್ತುಮಾಡಿದ್ದು ಒಳ್ಳೆಯ ಯೋಚನೆ. ಗಡುವಿನ ಹಿಂದಿನ ದಿನ ಮಾರಲು ಹೊರಟವನ ಮುಖದಲ್ಲೇ ಬೆಲೆ ಬರೆದಿರುತ್ತದೆ. ಫೋನಿನಲ್ಲಿ ಹಣ ಪಡೆಯುವಾಗ ಒಂದೇ ನೆನಪಿರಲಿ. ಹಣ ಬರುವುದಕ್ಕೆ ಪಿನ್ ಒತ್ತಬೇಕಾಗಿಲ್ಲ, ಯಾರೋ ಕಳಿಸಿದ ಕ್ಯೂಆರ್ ಚೌಕವನ್ನು ಸ್ಕ್ಯಾನ್ ಮಾಡಬೇಕಾಗಿಲ್ಲ. "ಹಣ ಕಳಿಸಿದ್ದೇನೆ, ಪಿನ್ ಒತ್ತಿ" ಎಂದವನು ಕಳ್ಳ. ಅವನು ಸೈನ್ಯದವನೆಂದು ಹೇಳಿಕೊಂಡರೂ ಅಷ್ಟೆ.

ಪೈಲಟ್ ಬಗ್ಗೆ ಮಾತ್ರ ಕೊನೆಯವರೆಗೂ ಒಮ್ಮತವಾಗಲಿಲ್ಲ. ಕಪ್ಪು ಡಯಲ್ ಮೂಲದ್ದು, ಮುಳ್ಳುಗಳೂ ಮೂಲದವು, ಕೇಳುವವರಿದ್ದರು. ಮೊಮ್ಮಗಳಿಗೆ ಅದೇ ಬೇಕಿತ್ತು. ಹಾಸ್ಟೆಲಿಗೆ ಒಯ್ಯುತ್ತೇನೆ ಎಂದಳು. ಪರೀಕ್ಷೆಯ ಕೋಣೆಯಲ್ಲಿ ಫೋನ್ ಇಲ್ಲ, ಕೈಯಲ್ಲಿ ವಾಚು ಬೇಕೇ ಬೇಕು. ನೀಟ್‌ನಂಥ ಪರೀಕ್ಷೆಗೆ ವಾಚೂ ನಿಷಿದ್ಧ, ಅದು ಬೇರೆ ಮಾತು. ಆದರೆ ಮನಬಂದಂತೆ ನಡೆಯುವ ವಾಚನ್ನು ನಂಬಿ ಮೂರು ಗಂಟೆಯ ಪತ್ರಿಕೆ ಬರೆಯಲಾಗದು ಎಂದು ಅವಳದೇ ಹಾಳೆ ಹೇಳುತ್ತಿತ್ತು. ಕ್ವಾರ್ಟ್ಸ್‌ನಲ್ಲಿ ಒಂದಕ್ಕೆ ಹೊಸ ಸೆಲ್ಲು ಹಾಕಿಸಿ ಅವಳ ಕೈಗೆ ಕಟ್ಟಲಾಯಿತು. ಮುಖ ಸ್ವಲ್ಪ ಊದಿತ್ತು.

ಲೆಕ್ಕ ಹೀಗೆ ಕೂಡಿತು, ಪಾರ್ಸೆಲ್ ಖರ್ಚು ಕಳೆದು. ಇನ್ನೊಂದು ಕ್ವಾರ್ಟ್ಸ್‌ಗೆ ರೂ. 400. ಡಬ್ಬಿ ಬಿಲ್ಲು ಸಹಿತ ಎರಡು ಜನತಾಗಳಿಗೆ ರೂ. 4,600. ಸೀಕೋಗೆ ರೂ. 4,700. ಫೇವರ್ ಲ್ಯೂಬಾಗೆ, ಡಯಲಿಗೆ ಬಣ್ಣ ಬಳಿದದ್ದೆಂದು ಬರೆದುಕೊಟ್ಟು, ರೂ. 2,000. ಅಲ್ಲಿಗೆ ರೂ. 11,700. ಇನ್ನು ರೂ. 3,300 ಬೇಕು. ಅದು ಕಾಂಚನ್‌ನಿಂದ ಬರಬೇಕು, ಇಲ್ಲವೇ ಪೈಲಟ್‌ನಿಂದ. ಕಾಂಚನ್ ಎತ್ತಿಕೊಂಡಾಗ ಇಷ್ಟು ದಿನ ಸುಮ್ಮನಿದ್ದ ಅಜ್ಜಿ ಅಡುಗೆಮನೆಯಿಂದಲೇ, "ಅದು ನಮ್ಮಪ್ಪ ಕೊಟ್ಟಿದ್ದು" ಎಂದರು. ಪೈಲಟ್ ರೂ. 3,300ಕ್ಕೆ ಹೋಯಿತು. ಕೊಂಡವರಿಗೆ ಮೊಮ್ಮಗಳು ತನ್ನ ಹದಿನಾಲ್ಕು ದಿನದ ಪಟ್ಟಿಯ ಒಂದು ಪ್ರತಿಯನ್ನೂ ಜೊತೆಗಿಟ್ಟು ಕಳಿಸಿದಳು.

ಬ್ರೈಲ್ ವಾಚು ಪಟ್ಟಿಯಲ್ಲಿ ಸೇರಿರಲೇ ಇಲ್ಲ. ಅದರ ಗಾಜು ಮೇಲಕ್ಕೆ ತೆರೆಯುತ್ತದೆ, ಒಳಗಿನ ಮುಳ್ಳುಗಳನ್ನೂ ಉಬ್ಬು ಚುಕ್ಕೆಗಳನ್ನೂ ಬೆರಳಿನಿಂದ ಮುಟ್ಟಿ ಹೊತ್ತು ತಿಳಿಯಬಹುದು. ಸಂಗ್ರಾಹಕರೊಬ್ಬರು ಅದಕ್ಕೂ ಬೆಲೆ ಹೇಳಿದ್ದರು. ಮೊಳಕಾಲ್ಮೂರಿನ ಭಾವಮೈದುನ ತಮ್ಮ ಬೀದಿಯಲ್ಲಿ ಕಣ್ಣು ಕಾಣದ ಹುಡುಗನೊಬ್ಬ ಪಿಯುಸಿ ಓದುತ್ತಿದ್ದಾನೆ ಎಂದು ಹೇಳಿ, ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಸಂಜೆಯ ಬಸ್ಸಿಗೆ ಹೊರಟರು.